ನಡುಗಡ್ಡಿಯೊಳಗ ಅಕ್ಕನ ಕೌದಿ

ವಿಮಾನ ನಗರ

ನನ್ನ ಅಕ್ಕನ ಮಗಳು ವಿದ್ಯಾ ವಿಮಾನ ನಗರದಾಗ ಆರನೇ ಮಾಳಿಗಿ ಮ್ಯಾಲ ಇರ್ತಾಳ. ಆಕಿ ಬಾಲ್ಕನಿಯೊಳಗ ನಿಂತು ಮಾತಾಡೋದಂದ್ರ ನಡುನಡುವ ಬಾಯಿ ಮುಚ್ಕೋಬೇಕು, ಯಾಕಂದ್ರ ತಲಿ ಮ್ಯಾಲ ವಿಮಾನ ಹೋಗ್ತಿರ್ತಾವ. ವಿದ್ಯಾಗ ರೂಢಿ ಆಗಿಬಿಟ್ಟದ. ಅರ್ಧ ಮಾತಿಗೆ ನಿಲ್ಲಿಸ್ತಾಳ, ವಿಮಾನ ದಾಟಗೊಡ್ತಾಳ, ಬಿಟ್ಟಲ್ಲಿಂದನ ಮತ್ತ ಶುರು ಮಾಡ್ತಾಳ. ನಾ ಹೊರಡೋ ಹಿಂದಿನ ದಿನ ಸೀರಿ ತುಂಬಿದ ಚೀಲ ನನ್ನ ಕೈಯಾಗ ಇಟ್ಟು, ಹಿಂಗ ನಿಂತು ನಿಂತು ಹೇಳಿದ್ಲು.

"ಮಾವಶಿ, ಕೌದಿ ಮಾಡ್ಕೊಂಡು ಬಾ. ಆಗಲಿಲ್ಲಾಂದ್ರ ಅವ್ವನ ಸೀರಿ ಹೆಂಗ ಅವ ಹಂಗ ತಂದು ಕೊಡು. ಕತ್ತರಿಸಿ, ನಡಕ್ಕ ಬಿಟ್ಟು ಮಾತ್ರ ತರಬ್ಯಾಡ. ಅದನ್ನ ನೋಡೋದು ನನ್ನಿಂದ ಆಗೂದಿಲ್ಲ."

ಆಕಿ ಅವ್ವ ಅಂದ್ರ ನನ್ನ ಶಾಂತಕ್ಕ. ಹೋಗಿ ವರ್ಷದ ಮ್ಯಾಲಾಗಿತ್ತು.

ನಮ್ಮದು ಬಾಗಲಕೋಟಿ ಕಡೆ ಅರಿವಿ ವ್ಯಾಪಾರದ ಮನಿ. ಅಕ್ಕ-ತಂಗಿ ಇಬ್ಬರನ್ನೂ ಪುಣೆಕ್ಕ ಕೊಟ್ಟಿದ್ರು. ಗಂಡಂದಿರು ಅಂಗಡಿ, ಆಫೀಸು ಅಂತ ಹೋದ ಮ್ಯಾಲ ಮಧ್ಯಾಹ್ನ ನಾವು ಕೌದಿ ಹಾಸ್ಕೊಂಡು ಕೂಡ್ತಿದ್ವಿ. ಕೌದಿ ಅಂದ್ರ ಗೊತ್ತಲ್ಲ, ಹಳೇ ಸೀರಿ ಪದರ ಪದರ ಹಾಸಿ, ಮ್ಯಾಲ ತುಂಡರಿವಿ ಜೋಡಿಸಿ, ಉದ್ದಕ್ಕೂ ದಾರ ಓಡಿಸಿ ಹೊಲಿಯೋ ಹೊದಿಕಿ. ನಮ್ಮ ಓಣಿ ಮರಾಠಿ ಹೆಣ್ಮಕ್ಕಳು ಗೋಧಡಿ ಅಂತಾರ. ಅದು ಒಬ್ಬರ ಕೆಲಸ ಅಲ್ಲ. ಒಬ್ಬಾಕಿ ಈ ಕಡೆ, ಒಬ್ಬಾಕಿ ಆ ಕಡೆ ಕೂತು ಅಂಚಿನಿಂದ ನಡುವಿಗೆ ಹೊಲಕೋತ ಬರಬೇಕು. ಎದುರಿನಾಕಿ ಜಗ್ಗಿ ಹಿಡದ್ರನ ಈ ಕಡೆ ಹೊಲಿಗಿ ಸುಕ್ಕಾಗೂದಿಲ್ಲ. ಹಿಂಗ ಹೊಲಕೋತ ಹೊಲಕೋತ ನಮ್ಮ ಕೌದಿ ಯಾವ್ಯಾವುದೋ ಪ್ರದರ್ಶನಕ್ಕ ಹೋದ್ವು, ಮಂದಿ ನಮ್ಮನ್ನ ಕಲಾವಿದರು ಅನ್ನಲಿಕ್ಕೆ ಹತ್ತಿದ್ರು. ಅಕ್ಕಗ ಆ ಮಾತು ಕೇಳಿದ್ರ ನಗಿ ತಡಿಯೋದ ಆಗ್ತಿರಲಿಲ್ಲ. ಹರಕ ಅರಿವಿ ಹೊಲಿಯೋರಿಗೆ ಇಷ್ಟು ದೊಡ್ಡ ಹೆಸರು ಯಾಕಬೇ ಅಂತಿದ್ಲು.

ಸ್ಕಾಟ್ಲೆಂಡಿನ ಉತ್ತರದ ಸಮುದ್ರದೊಳಗ ಒಂದು ಸಣ್ಣ ನಡುಗಡ್ಡಿ. ಅಲ್ಲಿ ಊರ ಮಂದಿ ಒಂದು ಖಾಲಿ ಮನಿ ಕಲಾವಿದರಿಗಂತ ಇಟ್ಟಾರ. ಬ್ಯಾಸಗಿಯೊಳಗ ಬಂದಿರಬೇಕು, ಏನಾರ ಮಾಡಬೇಕು, ಹೋಗೋ ಮುಂದ ಊರಿಗೆ ತೋರಿಸಬೇಕು. ಅಷ್ಟ. ನಾವಿಬ್ಬರೂ ಕೂಡಿ ಅರ್ಜಿ ಹಾಕಿದ್ವಿ. ಬರ್ರಿ ಅಂತ ಅವರು ಹೇಳೂದರೊಳಗ ಅಕ್ಕ ಇರಲಿಲ್ಲ. ಅವರು ಪಾಪ ನನ್ನ ಜಾಗ ಒಂದು ವರ್ಷ ಹಿಡಿದಿಟ್ರು. ಆ ವರ್ಷ ಪೂರ್ತಿ ನಾ ಒಂದು ಹೊಲಿಗಿ ಹಾಕಲಿಲ್ಲ. ಕತ್ರಿ ತಗೊಂಡು ಕೂಡೋದು, ತೆರಿಯೋದು, ಸೀರಿ ಅಂಚಿಗೆ ಇಡೋದು, ಮತ್ತ ಮುಚ್ಚಿ ಡಬ್ಬ್ಯಾಗ ಹಾಕೋದು. ಅಕ್ಕನ ಸೀರಿ ಕೌದಿ ಆಗಲಿಲ್ಲಂದ್ರ ನಾ ಇನ್ನ ಜನ್ಮದಾಗ ಸೂಜಿ ಹಿಡಿಯೂದಿಲ್ಲ ಅನ್ನೋದು ನನಗ ಖಾತ್ರಿ ಇತ್ತು. ಅದನ್ನ ಯಾರಿಗೂ ಹೇಳಿದ್ದಿಲ್ಲ.

ಧಕ್ಕಿ

ಪುಣೆ ಬಿಟ್ಟಾಗ ವಿಮಾನ ದೊಡ್ಡದಿತ್ತು. ಒಂದೊಂದು ಊರು ದಾಟಿದಂಗ ಸಣ್ಣದಾಕ್ಕೋತ ಬಂತು. ಕಡೀದು ನಮ್ಮ ಪುಣೆಯಿಂದ ಸಾಸವಡಕ್ಕ ಮಂದಿ ತುಂಬ್ಕೊಂಡು ಹೋಗೋ ವಡಾಪ್ ಜೀಪಿನಷ್ಟ ಇತ್ತು. ನಡಸಾಂವನ ಬೆನ್ನು ಕಾಣಸ್ತಿತ್ತು, ಅಂವ ಕಿವಿ ತುರಿಸ್ಕೊಳ್ಳೋದೂ ಕಾಣಸ್ತಿತ್ತು. ಸ್ಟೇರಿಂಗ್ ಹಿಡಿಯಪ್ಪಾ ಮಾರಾಯಾ ಅಂತ ಮನಸಿನಾಗ ಅನಕೋತ ಕೂತಿದ್ದೆ. ಅದನ್ನ ಇಳಿದ ಮ್ಯಾಲ ದೋಣಿ.

ನಡುಗಡ್ಡಿ ನನಗ ಕಾಣಸಲೇ ಇಲ್ಲ. ಸುತ್ತಲೂ ಮಂಜು. ದೋಣಿ ಎಲ್ಲಿಗೋ ತಾಗಿ ನಿಂತಾಗಷ್ಟ ನೆಲ ಬಂತು ಅಂತ ತಿಳೀತು. ಮ್ಯಾಗ್ನಸ್ ಅನ್ನೋ ಗಡ್ಡದ ಮನುಷ್ಯಾ ಹಗ್ಗ ಕಟ್ಟಿದ, ನನ್ನ ಚೀಲ ಗಾಡ್ಯಾಗ ಇಟ್ಟು ಮನಿಗೆ ಮುಟ್ಟಿಸಿದ. ಅಂಗಡಿಗೆ ಹೋದೆ, ಅಲ್ಲಿ ಹಾಲು ಕೊಟ್ಟಾಂವ ಅಂವನಂಗ ಇದ್ದ. ಮರುದಿನ ಟಪಾಲು ತಂದಾಂವನೂ ಅಂವನಂಗ ಇದ್ದ. ನಿಮ್ಮ ತಮ್ಮ ಅಂಗಡಿಯೊಳಗ ಭೆಟ್ಟಿಯಾಗಿದ್ರು ಅಂದೆ. ತನಗ ತಮ್ಮ ಇಲ್ಲ, ಮೂರೂ ತಾನ ಅಂದ. ಬೆಂಕಿ ಬಿದ್ರ ಬಂಬಿನ ಗಾಡಿ ನಡಸಾಂವನೂ ತಾನ ಅಂತ. ಇಡೀ ಊರಿನ ಮಂದಿ ಕೂಡಿದ್ರ ವಿದ್ಯಾನ ಬಿಲ್ಡಿಂಗಿನ ಒಂದು ಲಿಫ್ಟಿನ ಮುಂದ ನಿಲ್ಲೋವಷ್ಟು ಆಗ್ತಿದ್ರು. ಹಂಗಾಗಿ ಒಬ್ಬೊಬ್ಬರು ನಾಕು ಮಂದಿ ಆಗಬೇಕಾಗ್ತಿತ್ತು.

ನನ್ನ ಬಾಜೂಮನಿಯಾಕಿ ಇಂಗಾ. ಎಪ್ಪತ್ತು ದಾಟಿದಾಕಿ, ಎತ್ತರದಾಕಿ, ಬೆಳ್ಳಗಿನ ಕೂದಲಾ ಗಂಡಸರಂಗ ಕತ್ತರಿಸಿಕೊಂಡಿದ್ಲು. ಊರಿನ ಸಭಾಮನಿ ಕೀಲಿ ಆಕಿ ಕಡೆ ಇರ್ತಿತ್ತು. ನನ್ನ ಕಂಡು ನಗಲಿಲ್ಲ. ಚೀಲದಾಗ ಏನದ ಅಂತ ಕೇಳಿದ್ಲು. ಸೀರಿ ಅಂದೆ. ಉಡಲಿಕ್ಕೇನು ಅಂದ್ಲು. ಅಲ್ಲ, ಹೊಲೀಲಿಕ್ಕೆ ಅಂದೆ. ತಲಿ ಆಡಿಸಿ ಹೋಗಿಬಿಟ್ಲು. ಅವರ ಇಂಗ್ಲಿಷ್ ನನಗ ಅರ್ಧ ತಿಳೀತಿತ್ತು, ನನ್ನದು ಅವರಿಗೆ ಅರ್ಧ. ಎರಡೂ ಅರ್ಧ ಕೂಡಿದ್ರ ಸಂಸಾರ ನಡೀತಿತ್ತು. ಅವರು ಆಡಿದ್ದನ್ನ ನಾ ನಮ್ಮ ಮಾತಿನಾಗ ಹೇಳ್ತೀನಿ.

ಚಿಲಕ

ನಮ್ಮ ಪುಣೆ ಮನಿಗೆ ಹೊರಗ ಜಾಳಿಗಿ ಬಾಗಲಾ, ಒಳಗ ಕಟಗಿ ಬಾಗಲಾ, ಮ್ಯಾಲ ಚಿಲಕ, ಕೆಳಗ ಚಿಲಕ, ನಡಕ್ಕ ಸರಪಳಿ. ಇಷ್ಟೆಲ್ಲಾ ಹಾಕಿ ಮತ್ತ ಮಲಗೋ ಮುಂದ ನಮ್ಮ ಮನಿಯವರು ಒಮ್ಮೆ ಎದ್ದು ನೋಡಿ ಬರ್ತಾರ. ಈ ನಡುಗಡ್ಡಿ ಮನಿಗೆ ಚಿಲಕಾನ ಇರಲಿಲ್ಲ. ಹೊಸ ಊರು, ಒಬ್ಬಾಕಿ ಹೆಂಗಸು. ನಾ ಒಂದು ಕುರ್ಚಿ ಎಳದು ಬಾಗಲಿಗೆ ಒತ್ತಿಟ್ಟು ಮಲಗಿದೆ.

ಮುಂಜಾನೆ ಎದ್ದು ನೋಡಿದ್ರ ಹೊಸ್ತಿಲ ಹೊರಗ ರಣರಂಗ. ಯಾರೋ ಒಂದು ಮೀನು ಇಟ್ಟು ಹೋಗ್ಯಾರ, ಸಮುದ್ರದ ಹಕ್ಕಿ ಎಲ್ಲಾ ಕೂಡಿ ಅದನ್ನ ಜಗ್ಯಾಡಿ ಹರದು ಹಾಕ್ಯಾವ. ನಾವೋ ಲಿಂಗಾಯತ ಮಂದಿ, ಮೀನು ಕಂಡ್ರ ಮಾರು ದೂರ ಸರಿಯೋರು. ಸೆರಗಿಲೆ ಮೂಗು ಮುಚ್ಕೊಂಡು ಕಸಬರಗಿ ಹುಡುಕಲಿಕ್ಕೆ ಹತ್ತಿದ್ದೆ. ಇಂಗಾ ಬಂದು ನೋಡಿಕೋತ ನಿಂತ್ಲು.

"ಬಾಗಲಾ ಮುಚ್ಚಿದ್ರ ಇಲ್ಲಿ ಒಂದು ಅರ್ಥ ಅದ," ಅಂದ್ಲು. "ಒಳಗ ಯಾರೋ ಸತ್ತಾರ, ಇಲ್ಲಾ ಜಗಳ ಆಗ್ಯದ ಅಂತ. ನಿಮ್ಮ ಮನ್ಯಾಗ ಯಾವುದು ಆಗ್ಯದ?"

ಗಾಳಿಗೆ ಹೆದರಿ ಮುಚ್ಚಿದ್ದೆ ಅಂದೆ.

ಅಲ್ಲಿ ಪದ್ಧತಿ ಹಂಗ. ಬಾಗಲಾ ನೂಕಿಕೊಂಡು ಒಳಗ ಬರ್ತಾರ, ಮೇಜಿನ ಮ್ಯಾಲ ಏನಾರ ಇಡ್ತಾರ, ಹೋಗ್ತಾರ. ಕರಿಯೂದಿಲ್ಲ, ಹೆಸರು ಹೇಳೂದಿಲ್ಲ. ಯಾರು ಕೊಟ್ರು ಅಂತ ನೀವು ಅಂದಾಜು ಮಾಡಬೇಕು. ಹೋಗಿ ಧನ್ಯವಾದ ಅಂದ್ರ ಅವರಿಗೆ ನಾಚಿಕಿ ಆಗ್ತದ, ಮಾರಿ ತಿರಗಸ್ತಾರ. ಕುರ್ಚಿ ತಗದ ಮ್ಯಾಲ ನನ್ನ ಮೇಜು ತುಂಬಲಿಕ್ಕೆ ಹತ್ತಿತು. ಬಟಾಟಿ ಬಂದ್ವು, ತತ್ತಿ ಬಂದ್ವು, ಮೀನು ಒಲ್ಲಾಕಿ ಅಂತ ಸುದ್ದಿ ಹರಡಿದ ಮ್ಯಾಲ ಕೆಂಪನ್ನ ಹುಳಿ ದಂಟಿನ ಕಟ್ಟು ಬಂತು. ಅದರಿಂದ ಅವರು ಸಿಹಿ ಮಾಡ್ತಾರಂತ. ನನಗ ಹುಳಿ ಕಂಡ ಕೂಡಲೆ ಪುಂಡಿಪಲ್ಯೆ ನೆನಪಾತು. ಊರಿಂದ ತಂದಿದ್ದ ಜ್ವಾಳದ ನುಚ್ಚು ಹಾಕಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ಕುದಿಸಿದೆ. ಒಂದು ಬಟ್ಟಲಾ ಇಂಗಾನ ಮೇಜಿನ ಮ್ಯಾಲ ಇಟ್ಟು ಕಳ್ಳರಂಗ ಓಡಿ ಬಂದೆ. ಬಟ್ಟಲಾ ತೊಳದು ವಾಪಸ್ ಬಂದಿತ್ತು. ಸೇರಿತೋ ಇಲ್ಲೋ ಇವತ್ತಿಗೂ ಗೊತ್ತಿಲ್ಲ.

ಕತ್ತಲಾಗದ ಊರು

ಅಲ್ಲಿ ಬ್ಯಾಸಗ್ಯಾಗ ಕತ್ತಲಾಗೂದಿಲ್ಲ. ಸೂರ್ಯಾ ಮುಳುಗಿದಂಗ ಮಾಡ್ತಾನ, ಆಮ್ಯಾಲ ಒಂದು ನಮೂನಿ ಹಾಲು ಬೆಳಕು ಉಳಕೊಂಡು ಬಿಡ್ತದ. ಅದು ಸಂಜಿಯೋ ಮುಂಜಾವೋ ಯಾರೂ ಹೇಳಲಿಕ್ಕೆ ಬರೂದಿಲ್ಲ. ಗಿಡ ಅನ್ನೋದು ಒಂದೂ ಇಲ್ಲ. ಹುಲ್ಲು, ಕಲ್ಲು, ಕುರಿ, ನೀರು. ನೀರಿನಿಂದ ಸೀಲ್ ಅನ್ನೋ ಪ್ರಾಣಿ ತಲಿ ಎತ್ತಿ ನೋಡ್ತಾವ, ತುಂಬ ಹಳೇ ಪರಿಚಯದವರಂಗ. ನಾನೂ ನೋಡ್ತಿದ್ದೆ. ಎಷ್ಟೋ ಹೊತ್ತು ಹಂಗ ನಿಂತಿರ್ತಿದ್ವಿ, ಅವು ನೀರಾಗ, ನಾ ದಂಡಿ ಮ್ಯಾಲ.

ಗಾಡಿಯೊಳಗ ಹೋಗೋರು ಎದುರು ಬಂದೋರಿಗೆ ಸ್ಟೇರಿಂಗ್ ಮ್ಯಾಲಿಂದ ಒಂದು ಬಟ್ಟು ಎತ್ತತಾರ. ಅಷ್ಟ ಅವರ ನಮಸ್ಕಾರ. ಪುಣೆದಾಗ ಟೂವ್ಹೀಲರ್ ಮಂದಿ ಎದುರಿನವರಿಗೆ ಎತ್ತೋ ಕೈ, ಆಡೋ ಮಾತು ನೆನಪಾಗಿ ನಗಿ ಬರ್ತಿತ್ತು. ಮಂಜು ಬಂತಂದ್ರ ದಿನಗಟ್ಟಲೆ ದೋಣಿ ಬರ್ತಿರಲಿಲ್ಲ. ಸಾಸವಡಕ್ಕ ದೇವರ ಪಾಲಖಿ ಹೋಗೋ ಮುಂದ ಪುಣೆ ಹೊರಗಿನ ದಿವೆ ಘಾಟಿನಾಗ ಮೋಡ ಇಳಿದು, ಭಜನಿ ಮಾಡ್ಕೋತ ನಡಿಯೋ ವಾರಕರಿ ಮಂದಿ ಕಾಣಸಲಾರದ ಬರೇ ತಾಳ ಕೇಳಿಸ್ತದಲ್ಲ, ಹಂಗ ಇಲ್ಲಿ ಬರೇ ಕುರಿ ದನಿ ಕೇಳಿಸ್ತಿತ್ತು. ಎದ್ದಿದ್ದೀನೋ ಮಲಗೀನೋ ಅನ್ನೋದ ತಿಳೀತಿರಲಿಲ್ಲ. ಒಂದೆರಡು ಸಲ ಮಂಜಿನೊಳಗ ಅಕ್ಕ ಮುಂದ ಮುಂದ ಹೋಗಲಿಕ್ಕೆ ಹತ್ತ್ಯಾಳ, ಗಡಾನ ಬಾ ಅಂತಾಳ ಅನಿಸ್ತು. ನನಗೇನು ಹೆದರಿಕಿ ಆಗಲಿಲ್ಲ. ಖುಷಿ ಆತು.

ಆದ್ರ ಕೆಲಸ ಮಾತ್ರ ಸೊನ್ನೆ. ಮನ್ಯಾಗ ಉದ್ದಾನ ಮೇಜಿತ್ತು. ಒಂದು ಕಡೆ ನಾ ಕೂಡ್ತಿದ್ದೆ, ಆ ಕಡೆ ಖಾಲಿ ಕುರ್ಚಿ. ರೂಢಿ ಮಾಡ್ಕೊಳ್ಳಲಿಕ್ಕಂತ ತಲಿದಿಂಬಿನ ಗಲೀಪು ಎರಡು ಪದರ ಹಾಸಿ ಹೊಲಿದು ನೋಡಿದೆ. ಆ ತುದಿ ಜಗ್ಗೋರು ಬೇಕಲ್ಲ, ಸಮುದ್ರದ ದಂಡಿಯಿಂದ ಕಲ್ಲು ತಂದು ಹೇರಿದೆ. ಕಲ್ಲು ಒತ್ತಿ ಹಿಡೀತದ, ಜಗ್ಗೂದಿಲ್ಲ. ಹೊಲಿಗಿ ಎಲ್ಲಾ ಸುಕ್ಕು. ಸಿಟ್ಟಿಗೆ ಕಲ್ಲು ತಗೊಂಡು ಹೋಗಿ ನೀರಿಗೆ ಒಗದು ಬಂದೆ. ಅಕ್ಕನ ಚೀಲದ ಬಾಯಿ ಬಿಚ್ಚಲೇ ಇಲ್ಲ.

ಎಳಿ ಬಿಡಿಸೋ ಸಂಜಿ

ಒಂದಿನ ಇಂಗಾ ಬಾಗಲದಾಗ ನಿಂತು, ಸಂಜಿಗೆ ಸಭಾಮನಿಗೆ ಬಾ, ನಿನ್ನ ಕೈ ಬೇಕಾಗ್ಯಾವ ಅಂದ್ಲು.

ಹೋದೆ. ಮೇಜಿನ ಮ್ಯಾಲ ಗಂಡಸರ ಒಂದು ಸ್ವೆಟರ್ ಇತ್ತು. ನೀಲಿ ಬಣ್ಣ, ಮೊಳಕೈ ಹತ್ರ ಬ್ಯಾರೆ ಉಣ್ಣಿ ತ್ಯಾಪಿ. ಟಾಮ್ ಅನ್ನಾಂವಂದು. ಅಂವ ದೋಣಿ ಮಶೀನು ರಿಪೇರಿ ಮಾಡ್ತಿದ್ದನಂತ, ತೀರಿಹೋಗಿ ವರ್ಷ ಆಗಿತ್ತು. ಸುತ್ತಲೂ ಹೆಂಗಸರು, ಗಂಡಸರು ಕೂತಿದ್ರು. ಟಾಮನ ಹೆಂಡ್ತಿ ಸ್ವಲ್ಪ ಹಿಂದ, ಚಹಾದ ಕಪ್ಪು ಹಿಡಕೊಂಡು ಕೂತಿದ್ಲು. ಇಂಗಾ ಕೊರಳ ಹತ್ರ ಒಂದು ಗಂಟು ಬಿಡಿಸಿ ಎಳಿ ಜಗ್ಗಿದ್ಲು. ಸರ್ ಅಂತ ಒಂದು ಸಾಲು ಬಿಟ್ಟುಕೊಂತು. ನಾ ಎರಡೂ ಕೈ ಅಗಲ ಮಾಡಿ ಹಿಡಿದೆ, ಆಕಿ ನನ್ನ ಕೈಗೆ ಆ ನೀಲಿ ಎಳಿ ಸುತ್ತಕೋತ ಹೋದ್ಲು.

ನಡುಗಡ್ಡಿಯೊಳಗ ಇದು ಹಳೇ ಪದ್ಧತಿಯಂತ. ಯಾರಾರ ಸತ್ರ ಅವರು ತೊಡ್ತಿದ್ದ ಉಣ್ಣಿ ಅರಿವಿ ವರ್ಷ ತಡದು ಎಳಿ ಬಿಡಿಸ್ತಾರ. ಸಣ್ಣ ಸಣ್ಣ ಉಂಡಿ ಸುತ್ತಿ ಮನಿಗೊಂದು ಒಯ್ತಾರ. ಒಬ್ಬರು ಕಾಲಚೀಲದ ಹಿಮ್ಮಡಿಗೆ ಹಾಕ್ತಾರ, ಒಬ್ಬರು ಟೊಪಿಗಿ ಅಂಚಿಗೆ. ಸತ್ತಾಂವ ಹಿಂಗ ಊರ ತುಂಬ ಓಡ್ಯಾಡ್ಕೊಂಡು ಇರ್ತಾನ. ಇದಕ್ಕ ಎರಡು ಕಟ್ಟಳಿ. ಎಳಿ ಬಿಡಿಸೋ ಮುಂದ ಅವರನ್ನ ಹೊಗಳೋಹಂಗಿಲ್ಲ, ಅವರ ಮ್ಯಾಲಿನ ತಕರಾರು ಮಾತ್ರ ಹೇಳಬೇಕು. ಒಬ್ಬರು, ನನ್ನ ನಿಚ್ಚಣಿಕಿ ಒಯ್ದಾಂವ ತಂದು ಕೊಡಲಿಲ್ಲ ಅಂದ್ರು. ಇನ್ನೊಬ್ಬಾಕಿ, ಹಾಡು ಬರ್ತಿರಲಿಲ್ಲ, ಬಾಯಿ ಮುಚ್ಚತಿರಲಿಲ್ಲ ಅಂದ್ಲು. ಮ್ಯಾಗ್ನಸ್, ಇಸ್ಪೀಟಿನಾಗ ಮೋಸ ಮಾಡ್ತಿದ್ದ, ಮಾಡಿಯೂ ಸೋಲ್ತಿದ್ದ ಅಂದ. ಎಲ್ಲಾರೂ ನಕ್ರು. ಟಾಮನ ಹೆಂಡ್ತಿ ನಕ್ಕೋತ ನಕ್ಕೋತ ಕಣ್ಣೊರಿಸಿಕೊಂಡ್ಲು. ಆಕಿ ಸ್ವೆಟರಿಗೆ ಕೈ ಹಚ್ಚಲಿಲ್ಲ. ಅದು ಎರಡನೇ ಕಟ್ಟಳಿ. ಮನಿಯವರು ತಮ್ಮವರ ಅರಿವಿ ತಾವ ಬಿಡಿಸಬಾರದು. ಬಾಜೂದವರು ಬರಬೇಕು, ಆ ಮನಿಯವರು ಕರಿಯಲಾರದ ಬರಬೇಕು.

ನಮ್ಮಲ್ಲಿ ಹಿಂಗಿಲ್ಲ ನೋಡ್ರಿ. ನಮ್ಮಲ್ಲಿ ಸತ್ತ ಕೂಡಲೆ ಎಲ್ಲಾರೂ ದೇವರಾಗಿಬಿಡ್ತಾರ. ಅಕ್ಕ ಹೋದಾಗ ಬಂದವರೆಲ್ಲಾ ಆಕಿ ಶಾಂತ ಸ್ವಭಾವ, ಹೆಸರಿಗೆ ತಕ್ಕಂಗ ಅಂದು ಹೋದ್ರು. ಆಕಿ ಬಾಯಿ ಎಂಥಾದ್ದಂತ ಅವರಿಗೇನು ಗೊತ್ತು.

ಚಹಾ ಕುಡಿಯೋ ಮುಂದ, ನಿನ್ನ ಚೀಲದಾಗಿನ ಅರಿವಿ ಯಾರವು ಅಂತ ಇಂಗಾ ಕೇಳಿದ್ಲು. ನಾ ಅಕ್ಕನ ಸುದ್ದಿ ಹೇಳಿದೆ. ಚೀಲದಾಗಿನ ಸೀರಿ ಆಕೀವು, ಕತ್ರಿ ಹಚ್ಚಲಿಕ್ಕೆ ನನಗ ಧೈರ್ಯ ಆಗವಲ್ತು ಅಂದೆ.

"ವರ್ಷ ಆಗ್ಯದ ಅಂತಿ. ಆ ಅರಿವಿಗೆ ಯಾರೂ ಬರಲಿಲ್ಲೇನು?"

"ಇಲ್ಲ. ನಾನ ಒಬ್ಬಾಕಿ ಇಟ್ಕೊಂಡು ಕೂತೀನಿ."

ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದ್ರು. ನಾ ಅದನ್ನ ಮನಸಿಗೆ ತಗೊಳ್ಳಲಿಲ್ಲ. ನನ್ನ ಪಾಲಿಗೆ ಬಂದ ನೀಲಿ ಉಂಡಿ ತಗೊಂಡು ಮನಿಗೆ ಬಂದೆ.

ಕೆಂಪು ಉಂಡಿ

ಕೆಲವು ದಿನ ಬಿಟ್ಟು ಮ್ಯಾಗ್ನಸ್ ದೀಪದ ಗೋಪುರದ ಕಡೆ ಹೊಂಟಿದ್ದ, ನಾನೂ ಹೋದೆ. ನಡುಗಡ್ಡಿಯ ಆ ತುದಿ ಅದು. ಹಕ್ಕಿ ಸಾವಿರಗಟ್ಟಲೆ, ಅವುಗಳ ಹಿಕ್ಕಿಗೆ ಬಂಡಿಗಲ್ಲು ಬೆಳ್ಳಗಾಗಿದ್ವು. ಬರೋ ಮುಂದ ಮಂಜು ಇಳೀತು, ಗಾಡಿ ಇರುವೆ ಹಂಗ ಬಂತು. ನನ್ನ ಮನಿ ಬಾಗಲಾ ತಗದಿತ್ತು, ಒಳಗ ದೀಪ ಹಚ್ಚಿತ್ತು, ಮಂದಿ ಮಾತು ಕೇಳಸ್ತಿತ್ತು. ಇವತ್ತು ಏನು ಇಡಲಿಕ್ಕೆ ಬಂದಾರಪ್ಪಾ ಅನಕೋತ ಒಳಗ ಹೋದೆ.

ಮೇಜಿನ ಸುತ್ತ ಇಂಗಾ, ಇನ್ನಿಬ್ಬರು ಹೆಂಗಸರು. ನಡಕ್ಕ ಅಕ್ಕನ ಇಳಕಲ್ ಸೀರಿ. ಕಪ್ಪನ್ನ ನೀಲಿ ಒಡಲು, ಕೆಂಪು ರೇಷ್ಮಿ ಸೆರಗು. ಅಕ್ಕನ ಲಗ್ನದಾಗ ನಮ್ಮವ್ವ ಕೊಟ್ಟಿದ್ದು. ಸೆರಗಿನ ತುದಿಯಿಂದ ಅವರು ಅಡ್ಡ ಎಳಿ ಒಂದೊಂದಾಗಿ ಜಗ್ಗಿ ತಗೀಲಿಕ್ಕೆ ಹತ್ತಿದ್ರು. ಗೇಣುದ್ದ ಸೆರಗು ಇರಲಿಲ್ಲ. ಆ ಜಾಗದಾಗ ಬರೇ ಉದ್ದ ಎಳಿ ಜೋತುಬಿದ್ದಿದ್ವು. ಇಂಗಾನ ಮಡಲಾಗ ಲಿಂಬಿಕಾಯಿಯಷ್ಟು ಒಂದು ಕೆಂಪು ಉಂಡಿ.

ನನ್ನ ಸಿಟ್ಟು ನೆತ್ತಿಗೇರಿತು. ಏನೇನು ಒದರಿದ್ನೋ. ನಿಮ್ಮ ಕೈ ಸೇದಿ ಹೋಗಲಿ, ಯಾರು ಮುಟ್ಟಂದ್ರು, ಅದು ನಮ್ಮಕ್ಕಂದು, ನಾ ಹೆಂಗಿತ್ತೋ ಹಂಗ ಒಯ್ದು ಕೊಡಬೇಕಿತ್ತು, ಆ ಹುಡಿಗಿಗೆ ಏನಂತ ಹೇಳಲಿ. ಎಲ್ಲಾ ಕನ್ನಡದಾಗ. ಅವರಿಗೆ ಒಂದಕ್ಷರ ತಿಳಿದಿರಲಿಕ್ಕಿಲ್ಲ, ಆದ್ರ ಬೈಗುಳ ತಿಳಿಯಲಿಕ್ಕೆ ಭಾಷಾ ಬೇಕಾಗೂದಿಲ್ಲ. ಇಬ್ಬರು ಹೆಂಗಸರ ಮಾರಿ ಸಣ್ಣದಾತು. ಇಂಗಾ ಮಾತ್ರ ಹಂಗ ಕೂತಿದ್ಲು. ನಾ ದಣಿದು ನಿಂತ ಮ್ಯಾಲ ಹೇಳಿದ್ಲು.

"ಯಾರೂ ಬರಲಿಲ್ಲ ಅಂತ ನೀ ಹೇಳಿದಿ. ಅದಕ್ಕ ನಾವು ಬಂದ್ವಿ."

ಕತ್ರಿ ಹಚ್ಚಲಿಕ್ಕೆ ಆಗವಲ್ತು ಅಂದಿದ್ದೆನಲ್ಲ, ಅದಕ್ಕ ಅವರು ಕತ್ರಿ ಮುಟ್ಟಿದ್ದಿಲ್ಲ. ಒಂದು ಎಳಿನೂ ಹರದಿಲ್ಲ ನೋಡು ಅಂತ ಉಂಡಿ ನನ್ನ ಕೈಯಾಗ ಇಟ್ಲು. ಆ ಊರಿನಾಗ ಬಾಜೂದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಮಾಡಲಿಕ್ಕೆ ಬರೂದಿಲ್ಲ. ನಾ ಅವರ ಲೆಕ್ಕದಾಗ ಬಾಜೂದಾಕಿ ಆಗಿದ್ದೆ.

ನಾ ಕುರ್ಚಿ ಮ್ಯಾಲ ಕೂತೆ. ಸೀರಿ ಹೆಂಗಿತ್ತೋ ಹಂಗ ತಂದು ಕೊಡೋ ದಾರಿ ಮುಚ್ಚಿಹೋತು. ಇನ್ನ ಉಳದದ್ದು ಒಂದ, ಕೌದಿ.

ನಿನ್ನ ತಕರಾರು ಏನು ಹೇಳು ಅಂದ್ಲು ಇಂಗಾ, ಏನೂ ಆಗಿಲ್ಲೇನೋ ಅನ್ನೋಹಂಗ.

ನಾ ಹೇಳಬಾರದಂತ ಇದ್ದೆ. ಬಾಯಿಗೆ ಬಂದುಬಿಡ್ತು. "ನಾ ಹಾಕಿದ ಹೊಲಿಗಿ ಆಕಿ ಬಿಚ್ಚಿ ಮತ್ತ ಹಾಕ್ತಿದ್ಲು. ನಾ ಮನಿಗೆ ಹೋದ ಮ್ಯಾಲ. ನನಗ ಗೊತ್ತಾಗೂದಿಲ್ಲ ಅಂತ ತಿಳದಿದ್ಲು. ಎಲ್ಲಾ ಗೊತ್ತಾಗ್ತಿತ್ತು ನನಗ." ಅವರು ನಕ್ರು. ನಾ ಮುಂದ ಹೇಳಿದೆ. "ಹೊಟ್ಟಿನೋವು ಅಂತ ಒಂದು ಮಾತು ಹೇಳಲಿಲ್ಲ. ಕಡೀತನಕ ಮುಚ್ಚಿಟ್ಲು. ನನಗೂ ಹೇಳಲಿಲ್ಲ." ಅಷ್ಟು ಹೇಳಿ ಬೋರಾಡಿ ಅತ್ತೆ. ವರ್ಷದಾಗ ಹಂಗ ಅತ್ತಿದ್ದಿಲ್ಲ. ಅವರು ಸಮಾಧಾನ ಮಾಡಲಿಲ್ಲ. ಎಳಿ ಬಿಡಿಸ್ಕೋತ ಕೂತಿದ್ರು.

ಎದುರುಬದುರು

ಸೆರಗು ಪೂರ್ತಿ ಬಿಡಿಸಿದ್ವಿ. ಹೌದು, ಕಟ್ಟಳಿ ಮುರದು ನಾನೂ ಕೈ ಹಚ್ಚಿದೆ. ಇಳಕಲ್ ಸೀರಿಯೊಳಗ ಸೆರಗು, ಒಡಲು ಬ್ಯಾರೆ ಬ್ಯಾರೆ ಇರ್ತಾವ, ನೇಕಾರ ಎಳಿ ಎಳಿಗೆ ಕುಣಿಕಿ ಹಾಕಿ ಎರಡನ್ನೂ ಜೋಡಿಸಿರ್ತಾನ. ಅಲ್ಲಿಗೆ ಬಂದ ಮ್ಯಾಲ ಇಂಗಾ ಚಶ್ಮಾ ಏರಿಸಿ ಭಾಳ ಹೊತ್ತು ನೋಡಿದ್ಲು. ಇದನ್ನ ಬಿಡಿಸಬಾರದಂತನ ಕಟ್ಟ್ಯಾನ ಅಂದು ಕೈ ತಗದ್ಲು. ಒಡಲು ಹಂಗ ಉಳೀತು.

ಕೆಂಪು ಎಳಿ ಕೂದಲಿನಷ್ಟು ಸಣ್ಣ. ಇಂಗಾ ಅದನ್ನ ತನ್ನ ರಾಟಿ ಮ್ಯಾಲ ನಾಕು ಎಳಿ ಕೂಡಿಸಿ ಹೊಲಿಗಿಗಂತ ಹುರಿ ಮಾಡಿಕೊಟ್ಲು. ನಾ ಅಕ್ಕನ ಸಾದಾ ಸೂತಿ ಸೀರಿ ಹೊರಗ ತಗದೆ. ಹಳದಿದು ಒಂದು, ಗುಲಾಬಿ ಚುಕ್ಕಿದು ಒಂದು, ದಿನಾ ಉಟ್ಟು ಮೆತ್ತಗಾದವು. ಕತ್ರಿ ಅಂಚಿಗೆ ಇಟ್ಟೆ. ಈ ಸಲ ಕತ್ತರಿಸಿದೆ. ಆ ಸಪ್ಪಳಕ್ಕ ಮೈ ಝುಂ ಅಂತು, ಅಷ್ಟ. ಮುಂದಿನ ತುಂಡಿಗೆ ಏನೂ ಅನಿಸಲಿಲ್ಲ.

ಇಳಕಲ್ ಒಡಲಿಗೆ ಮಾತ್ರ ಕತ್ರಿ ಹಚ್ಚಲಿಲ್ಲ. ಮಡಚಿ, ಕೌದಿ ಹೊಟ್ಟ್ಯಾಗ ಇಡೀದು ಹಾಸಿದೆ. ಮ್ಯಾಲ ತುಂಡು ಜೋಡಿಸಿದೆ. ಇಂಗಾ ಕೇಳಲಾರದ ಬಂದು ಖಾಲಿ ಕುರ್ಚಿ ಮ್ಯಾಲ ಕೂತ್ಲು, ಆ ತುದಿ ಹಿಡದು ಜಗ್ಗಿದ್ಲು. ಅಯ್ಯ ಶಿವನ, ಏನು ಕೈ ಅವು. ಗಂಡನ ಜೋಡಿ ಮೀನಿನ ಬಲಿ ಜಗ್ಗಿದ ಕೈ. ಕೌದಿ ಡೊಳ್ಳಿನ ಚರ್ಮದಂಗ ಬಿಗೀತು.

ಆಕಿ ಹೊಲಿಗಿ ಮಾತ್ರ ಕೆಟ್ಟ. ಒಂದು ಇಷ್ಟುದ್ದ, ಒಂದು ಅಷ್ಟುದ್ದ, ಎಲ್ಲಾ ಬಲಕ್ಕ ವಾಲಿದ್ವು. ಆಕಿ ಮನಿಗೆ ಹೋದ ಮ್ಯಾಲ ಬಿಚ್ಚಿಬಿಡಲೇನು ಅಂತ ಕೈ ಕಡೀತಿತ್ತು. ಸೂಜಿ ತುದಿ ಹೊಲಿಗಿ ಕೆಳಗ ಹಾಕಿಯೂ ಬಿಟ್ಟಿದ್ದೆ ಒಮ್ಮೆ. ಆಮ್ಯಾಲ ಅಕ್ಕ ಹಿಂಗ ಬಗ್ಗಿ ನನ್ನ ಹೊಲಿಗಿ ಮ್ಯಾಲ ಕೂಡ್ತಿದ್ದದ್ದು ಕಣ್ಣಿಗೆ ಬಂತು. ಎಷ್ಟು ರಾತ್ರಿ ನಿದ್ದಿ ಕೆಡಿಸಿಕೊಂಡಿರಬೇಕು ಆಕಿ. ನಾ ಸೂಜಿ ಹಿಂದಕ್ಕ ತಗದೆ.

ಮಂಜು ಬರ್ತಿತ್ತು, ಹೋಗ್ತಿತ್ತು. ಬೆಳಕು ಆರತಿರಲಿಲ್ಲ. ಹೊಲಕೋತ ಕೂತ್ರ ಹೊತ್ತು ಅನ್ನೋದ ಇರಲಿಲ್ಲ. ಅಂಚಿನಿಂದ ನಡುವಿಗೆ ಬಂದಂಗ ಆಕಿ ತಲಿ ನನ್ನ ತಲಿ ಹತ್ರ ಹತ್ರ ಬಂದ್ವು, ಕಡೀಗೆ ಒಮ್ಮೆ ಢಿಕ್ಕಿ ಹೊಡದ್ವು. ಆಗ ಆಕಿ ನಕ್ಕಿದ್ದು ನೋಡಿದೆ.

ಊರಿಗೆ ತೋರಿಸೋ ದಿನ ಸಭಾಮನಿಯೊಳಗ ಹಗ್ಗ ಕಟ್ಟಿ ಹಾಕಿದ್ವಿ. ಉಣ್ಣಿ ಹೆಣಿಯೋ ಮಂದಿ ಅವರು, ಮೊದಲು ಹಿಂದಿನ ಮೈ ತಿರುವಿ ನೋಡಿದ್ರು. ಗಂಟು ಎಲ್ಲೆ ಮುಚ್ಚೀರಿ ಅಂತ ಕೇಳಿದ್ರು. ಯಾರೂ ಚಂದ ಅದ ಅನ್ನಲಿಲ್ಲ. ಎಲ್ಲಾರೂ ಬಂದಿದ್ರು, ಭಾಳ ಹೊತ್ತು ನಿಂತಿದ್ರು. ಮ್ಯಾಗ್ನಸ್ ಒಂದು ಮೂಲಿ ತೋರಿಸಿ ಇಲ್ಲಿ ಹೊಲಿಯೋದು ಮರ್ತೀರಿ ಅಂದ. ಮರ್ತಿರಲಿಲ್ಲ. ನಮ್ಮ ಮನ್ಯಾಗ ಕೌದಿ ಮುಗಿಸೋ ಮುಂದ ಒಂದು ಮೂಲಿ ತೆರದಿಟ್ಟು, ಅದರೊಳಗ ರೊಟ್ಟಿ ಚೂರು ಹಾಕಿ ಹೊಲಿದು ಮುಚ್ಚತೀವಿ. ಕೌದಿ ಹಸದಿರಬಾರದು, ಹಸದ ಕೌದಿ ಹೊತ್ಕೊಂಡವರಿಗೆ ನಿದ್ದಿ ಹತ್ತೂದಿಲ್ಲ ಅಂತ. ಆ ತುತ್ತು ಇಡೋದು ಮಗಳ ಕೈಲೆ ಆಗಲಿ ಅಂತ ಬಿಟ್ಟಿದ್ದೆ.

ಮತ್ತ ವಿಮಾನ ನಗರ

ಫೋನಿನಾಗ ವಿದ್ಯಾಗ ಏನೂ ಹೇಳಿರಲಿಲ್ಲ. ಇಂಥಾದ್ದು ಎದುರಿಗೆ ಕೂತು ಹೇಳೋ ಮಾತು. ಬಂದ ಮರುದಿನ, ಬಿಸಿ ರೊಟ್ಟಿ ಮಾಡಿ ಕಟ್ಕೊಂಡು, ಕೌದಿ ಹೊತ್ಕೊಂಡು ಆಕಿ ಮನಿಗೆ ಹೋದೆ. ಆಫೀಸಿಗೆ ಸೂಟಿ ಹಾಕಿ ಕಾಯ್ತಿದ್ಲು.

ಮಂಚದ ಮ್ಯಾಲ ಹಾಸಿದೆ. ಆಕಿ ನಿಂತು ನೋಡಿದ್ಲು. ಹಳದಿ ತುಂಡಿನ ಮ್ಯಾಲ ಕೈ ಇಟ್ಲು, ಗುಲಾಬಿ ಚುಕ್ಕಿ ಮ್ಯಾಲ ಇಟ್ಲು. ಕಣ್ಣು ಏನೋ ಹುಡುಕಲಿಕ್ಕೆ ಹತ್ತಿದ್ವು. ನನಗ ಗೊತ್ತಿತ್ತು ಏನಂತ.

"ಇಳಕಲ್ಲಿನ ಕೆಂಪು ಸೆರಗು ಎಲ್ಲಿ ಮಾವಶಿ?"

ಕೂಡವಾ ಅಂದೆ. ಎಲ್ಲಾ ಹೇಳಿದೆ. ಮಂಜು, ತೆರದ ಬಾಗಲಾ, ಗೇಣುದ್ದ ಬಿಟ್ಟ ಎಳಿ, ನಾ ಬೈದದ್ದು, ಇಂಗಾ ಅಂದದ್ದು. ಏನೂ ಮುಚ್ಚಿಡಲಿಲ್ಲ. ಈ ಹೊಲಿಗಿ ಎಲ್ಲಾ ಆ ಸೆರಗ ಅಂದೆ. ವಿದ್ಯಾನ ಮಾರಿ ಕೆಂಪಾತು, ಬೆಳ್ಳಗಾತು. ಎದ್ದು ಕಿಡಕಿ ಹತ್ರ ಹೋಗಿ ನಿಂತ್ಲು. ಈಗ ಈ ಹುಡಿಗಿ, ತಗೊಂಡು ಹೋಗು ಅಂದ್ರ, ನಾ ಏನು ಮಾಡಲಿ ಅನಕೋತ ಕೂತೆ.

ತಿರುಗಿ ಬಂದು ಮಂಚದ ಬಾಜೂಕ ನೆಲದ ಮ್ಯಾಲ ಕೂತ್ಲು. ಬಟ್ಟಿನ ತುದೀಲೆ ಕೆಂಪು ಹೊಲಿಗಿ ಮುಟ್ಟಿಕೋತ ಹೋದ್ಲು. ವಾಲಿದ ಹೊಲಿಗಿ ಬಂದಾಗ ನಿಂತು, ಇದು ಆ ಇಂಗಾಂದೇನು ಅಂದ್ಲು. ಹೌದು ಅಂದೆ. ಭಾಳ ಕೆಟ್ಟ ಅದ ಅಂದ್ಲು. ಹೌದು ಅಂದೆ. ಹಂಗ ಹೋಗ್ಕೋತ ತೆರದ ಮೂಲಿಗೆ ಬಂದ್ಲು.

ಅಲ್ಲಿ ರೊಟ್ಟಿ ತುತ್ತು ಇಡಬೇಕವಾ, ನೀ ಇಟ್ಟ ಮ್ಯಾಲ ನಾ ಹೊಲೀತೀನಿ ಅಂದೆ. ಸೂಜಿಗೆ ದಾರ ಪೋಣಿಸಿಕೊಂಡೇ ಬಂದಿದ್ದೆ. ವಿದ್ಯಾ ರೊಟ್ಟಿ ತಗೊಳ್ಳಲಿಲ್ಲ. ಆ ಮೂಲಿಯೊಳಗ ಬಲಗೈ ಹಾಕಿದ್ಲು. ಮಣಿಕಟ್ಟು ಮುಳುಗೋತನಕ ಒಳಗ ಹೋತು. ಒಳಗ ಪದರ ಪದರ ದಾಟಿ ಬಟ್ಟು ಆಡಸೋದು ಮ್ಯಾಲಿಂದ ಕಾಣಸ್ತಿತ್ತು. ಒಂದು ಕಡೆ ನಿಂತ್ವು.

"ಇಳಕಲ್ ಇಲ್ಲೆ ಅದ," ಅಂದ್ಲು.

ಆಕಿ ತಲಿ ಮಂಚದ ಅಂಚಿಗೆ ಇಟ್ಲು, ಕಣ್ಣು ಮುಚ್ಚಿದ್ಲು. "ಹೊಲೀಬ್ಯಾಡ ಮಾವಶಿ. ಇದು ಹಿಂಗ ಇರಲಿ."

ನಾ ಸೂಜಿಯಿಂದ ದಾರ ಹಿರಿದು ತಗದೆ. ಕೌದಿಗಂತ ತಂದ ರೊಟ್ಟಿ ಆರಲಿಕ್ಕೆ ಹತ್ತಿತ್ತು. ಮುರದು ಆಕಿಗೆ ಅರ್ಧ ಕೊಟ್ಟೆ, ನಾ ಅರ್ಧ ತಗೊಂಡೆ. ವಿದ್ಯಾ ಬಲಗೈ ಹೊರಗ ತಗೀಲಿಲ್ಲ. ಎಡಗೈಲೆ ತಿಂದ್ಲು.